ದಾರಿಯ ಅಂಚಿಗೆ ಆರಿಸಿದ ಗಿಡಗಳು

"ಗುರುಗಳೇ, ಮಾಡಿದ ತಪ್ಪು ಕಳೆಯಬೇಕಾದರೆ ಯಾವ ವ್ರತ ಹಿಡಿಯಬೇಕು? ಮೌನವೇ, ಉಪವಾಸವೇ, ಲಕ್ಷ ಜಪವೇ?"

ಕೇಳಿದವನು ಮಹಾಲಿಂಗ. ಮಠದಲ್ಲಿ ಆರು ವರ್ಷದಿಂದ ಓದುತ್ತಿದ್ದ ಶಿಷ್ಯ. ಯಾವ ತಪ್ಪು ಎಂಬುದನ್ನು ಅವನು ಹೇಳಲಿಲ್ಲ. ಹೇಳುವ ಧೈರ್ಯ ಅವನಿಗೆ ಇರಲಿಲ್ಲ.

ಹಿಂದಿನ ಮಳೆಗಾಲದಲ್ಲಿ ಮಠದ ಒಂದು ಓಲೆಗರಿಯ ಕಟ್ಟು ನೆನೆದು ಹಾಳಾಗಿತ್ತು. ಅದನ್ನು ಕಿಟಕಿಯಲ್ಲಿಟ್ಟು ಮರೆತವನು ಮಹಾಲಿಂಗ. ಹಿರಿಯ ಶಿಷ್ಯರಿಂದ ಬೈಸಿಕೊಂಡವನು ಅವನ ಜೊತೆ ಓದುತ್ತಿದ್ದ ಕಲ್ಲಯ್ಯ. ಎದುರಿಗೇ ನಿಂತಿದ್ದ ಮಹಾಲಿಂಗ ತುಟಿಪಿಟಕ್ಕೆನ್ನಲಿಲ್ಲ. ಮೂರನೆಯ ದಿನ ಕಲ್ಲಯ್ಯ ಬಟ್ಟೆಯ ಗಂಟು ಕಟ್ಟಿಕೊಂಡು ತನ್ನ ಊರಿಗೆ ಹೊರಟುಹೋದ. ಅಂದಿನಿಂದ ಮಹಾಲಿಂಗನಿಗೆ ಊಟ ಸೇರುತ್ತಿರಲಿಲ್ಲ. ಸೋಮವಾರ ಉಪವಾಸ ಮಾಡಿ ನೋಡಿದ. ಒಂದು ತಿಂಗಳು ಮಾತು ಬಿಟ್ಟು ನೋಡಿದ. ಎದೆಯ ಭಾರ ಇಳಿಯಲಿಲ್ಲ. ಆರಿಸಿಕೊಂಡ ವ್ರತವೇ ಸರಿಯಿಲ್ಲವೇನೋ ಎಂದುಕೊಂಡು ಈಗ ಗುರುಗಳ ಮುಂದೆ ಬಂದು ಕುಳಿತಿದ್ದ.

ಗುರುಗಳು ಸಂಜೆಯ ಬಿಸಿಲಿಗೆ ಕಾಲು ಚಾಚಿಕೊಂಡಿದ್ದರು. ತಪ್ಪು ಯಾವುದೆಂದು ಕೇಳಲಿಲ್ಲ. ಆರಿಸಿಕೊಳ್ಳುವುದರ ಮೇಲೆ ತಮಗೆ ಒಂದೇ ಒಂದು ಕತೆ ಗೊತ್ತು, ಬೇಕಾದರೆ ಹೇಳುತ್ತೇನೆ ಎಂದರು. ಅವರು ಕತೆ ಹೇಳುವ ಬಗೆಯೇ ಬೇರೆ. ಕಣ್ಣು ಅರೆಮುಚ್ಚಿ, ನಿದ್ದೆ ಹತ್ತಿದವರಂತೆ ಮೆಲ್ಲಗೆ ಶುರುಮಾಡುವರು. ನಡುನಡುವೆ ಕೇಳುವವನನ್ನು ಒಂದಿಷ್ಟು ಚುಚ್ಚುವರು.

ಕೇಳಪ್ಪ. ಒಂದು ಊರಿನಲ್ಲಿ ನೂಲಿಗೆ ಬಣ್ಣ ಹಾಕುವ ಒಬ್ಬ ಹೆಂಗಸು ಇದ್ದಳು. ಸೀರೆಯ ಅಂಚಿಗೆ ಬೇಕಾದ ನೂಲು ಅವಳ ಬಾನಿಯಲ್ಲಿ ಮುಳುಗಿ ಎದ್ದು ಬಂದರೇನೇ ಆ ಊರಿನ ನೇಕಾರರಿಗೆ ಸಮಾಧಾನ. ಕೆಂಪಿನ ಪಕ್ಕ ಯಾವ ಹಸಿರು ನಿಲ್ಲುತ್ತದೆ, ಯಾವುದು ಜಗಳಕ್ಕೆ ಬೀಳುತ್ತದೆ ಎಂಬುದು ಅವಳಿಗೆ ಅಂಗೈ ಗೆರೆಯಷ್ಟು ಗೊತ್ತು. ಗೊತ್ತಿದೆ ಎಂಬ ಜಂಬವೂ ಇತ್ತೆನ್ನು. ನಿನಗೆ ವ್ಯಾಕರಣದ ಜಂಬ ಇಲ್ಲವೇ, ಹಾಗೆ.

ಅವಳಿಗೆ ಒಬ್ಬಳೇ ತಂಗಿ. ತಾಯಿ ಹೋದ ಮೇಲೆ ಎತ್ತಿ ಆಡಿಸಿ, ಜಡೆ ಹೆಣೆದು, ಬೆಳೆಸಿದ್ದು ಅಕ್ಕನೇ. ಆ ತಂಗಿ ಅಕ್ಕನಿಗೆ ಒಂದು ಮಾತೂ ಹೇಳದೆ ತಾನು ಮೆಚ್ಚಿದವನನ್ನು ಮದುವೆಯಾಗಿಬಿಟ್ಟಳು. ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಿಗಿಂತ ಹೆಚ್ಚಾಗಿ ನೋವಾಯಿತು. ಎಂಟು ದಿನ ಕಳೆದು ತಂಗಿ ಬಾಗಿಲಿಗೆ ಬಂದು "ಅಕ್ಕಾ" ಎಂದು ಮೂರು ಸಲ ಕರೆದಳು. ಅಕ್ಕ ಒಳಗೇ ಇದ್ದಳು. ಎರಡೂ ಕೈ ಮೊಳಕೈವರೆಗೆ ನೀಲಿ ಬಾನಿಯಲ್ಲಿದ್ದವು. ಮೂರು ಸಲವೂ ಕೇಳಿಸಿತು. ಅವಳು ಏಳಲಿಲ್ಲ. ತಂಗಿ ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋದಳು.

ಸಿಟ್ಟು ಎಷ್ಟು ದಿನ ಉಳಿದೀತು? ತಿಂಗಳೊಪ್ಪತ್ತಿನಲ್ಲಿ ಇಳಿಯಿತು. ಆ ಕರೆದ ದನಿ ಮಾತ್ರ ಕಿವಿಯಲ್ಲೇ ಉಳಿಯಿತು. ಮಧ್ಯಾಹ್ನ ನೂಲಿನ ಲಡಿಗಳನ್ನು ಒಣಗಹಾಕಿ ಜಗಲಿಯ ಮೇಲೆ ಕುಳಿತರೆ, ಬಣ್ಣದ ಲಡಿಗಳ ನಡುವೆ ಯಾರೋ ನಡೆದುಬಂದಂತೆ ಅನ್ನಿಸುತ್ತಿತ್ತು. ಎದ್ದು ನೋಡಿದರೆ ಗಾಳಿ.

ಒಂದು ವರ್ಷ ಹೀಗೇ ಹೋಯಿತು. ನೂಲು ತರುವ ಗಾಡಿಯವನು ಒಂದು ದಿನ ಸುದ್ದಿ ತಂದ. ನಿಮ್ಮ ತಂಗಿ ಸಿಕ್ಕಿದ್ದರು, ಒಂದು ಸಲ ಬರುತ್ತೇನೆ ಎಂದರು, ಯಾವಾಗ ಎಂದು ಕೇಳಿದರೆ ಸುಮ್ಮನೆ ನಕ್ಕರು ಎಂದ. ಅಕ್ಕನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆದರೆ ಗಾಡಿ ಬೀದಿ ತಿರುಗುವ ಮೊದಲೇ ಅಳುಕು ಶುರುವಾಯಿತು. ಬಂದವಳಿಗೆ ಏನು ಹೇಳುವುದು? 'ಅಂದು ಒಳಗೇ ಇದ್ದೆ, ತಪ್ಪು ನನ್ನದು' ಎನ್ನಬೇಕು. ಒಬ್ಬಳೇ ಇದ್ದಾಗ ಗೋಡೆಗೆ ಹೇಳಿ ನೋಡಿದಳು. ಗೋಡೆಯ ಮುಂದೆ ಕೂಡ ನಾಲಿಗೆ ಹೊರಳಲಿಲ್ಲ. ಹಿರಿಯಳಲ್ಲವೇ. ತನ್ನ ಕೈಯಲ್ಲಿ ಉಂಡು ಬೆಳೆದವಳ ಮುಂದೆ ತಲೆ ತಗ್ಗಿಸುವುದು ಸುಲಭದ ಮಾತಲ್ಲ.

ಆಗ ಅವಳಿಗೆ ಒಂದು ಉಪಾಯ ಹೊಳೆಯಿತು. ಬೇಲಿಯ ಬಾಗಿಲಿನಿಂದ ಮನೆಯ ಬಾಗಿಲವರೆಗೆ ಮೂವತ್ತು ಹೆಜ್ಜೆಯ ದಾರಿ. ಎರಡೂ ಕಡೆ ಬೋಳು ನೆಲ. ಅಲ್ಲಿ ಉದ್ದಕ್ಕೂ ಹೂಗಿಡ ಹಾಕಿದರೆ? ಸೀರೆಗೆ ಅಂಚು ಇದ್ದಂತೆ ದಾರಿಗೊಂದು ಅಂಚು. ಅದರ ನಡುವೆ ನಡೆದು ಬರುವ ತಂಗಿಗೆ ತನಗಾಗಿ ಯಾರು ಎಷ್ಟು ಕಾದಿದ್ದಾರೆಂದು ತಾನಾಗಿ ತಿಳಿಯುತ್ತದೆ. ಹೂವೇ ಹೇಳಲಿ, ತಾನು ಬಾಯಿ ತೆರೆಯುವುದು ಬೇಡ. ಹೀಗೆ ಅಂದುಕೊಂಡ ಮೇಲೆ ಅವಳಿಗೆ ಆ ದಿನ ಒಳ್ಳೆಯ ನಿದ್ದೆ ಬಂತು.

ಊರಾಚೆ ಕೆರೆಯ ಕೆಳಗೆ ಗಿಡ ಬೆಳೆಸುವ ಒಬ್ಬ ಮುದುಕನಿದ್ದ. ಶ್ರಾವಣದ ಒಂದು ಬೆಳಿಗ್ಗೆ ಅಕ್ಕ ಅವನ ಹತ್ತಿರ ಹೋದಳು. ತಂಗಿ ಯಾವ ವರ್ಷ ಬರುತ್ತಾಳೋ ಗೊತ್ತಿಲ್ಲವಾದ್ದರಿಂದ, ಒಂದೇ ಬೆಳೆಗೆ ಸತ್ತುಹೋಗುವ ಗಿಡ ಬೇಡ, ಒಂದು ಸಲ ನೆಟ್ಟರೆ ವರ್ಷ ವರ್ಷ ಅದೇ ಬೇರಿನಿಂದ ಏಳುವ ಗಿಡಗಳೇ ಬೇಕು ಎಂದಳು. ಮುದುಕನ ತೋಟ ಅಂದು ಮಳೆಯಲ್ಲಿ ಮಿಂದು ನಿಂತಿತ್ತು. ಅಕ್ಕನ ಕಣ್ಣು ಅರಳಿತು. ಕೆಂಪು ಕಾಬಾಳೆ, ಅದರ ಪಕ್ಕಕ್ಕೆ ಬಿಳಿಯ ಸುರುಳಿ ಸುಗಂಧಿ, ಮುಂದೆ ಹಳದಿ ಡೇರೆ, ಬೇಲಿಯ ಮೇಲೆ ಹತ್ತುವುದಕ್ಕೆ ಬೆಂಕಿಬಣ್ಣದ ಗೌರಿಹೂ. ಒಂದು ಹೂವನ್ನು ಇನ್ನೊಂದರ ಪಕ್ಕ ಹಿಡಿದು, ಲಡಿ ಆರಿಸುವಂತೆಯೇ ಆರಿಸಿದಳು. ಮುದುಕ ಏನೋ ಹೇಳಲು ಬಾಯಿ ತೆರೆದ. ಬಣ್ಣದ ವಿಷಯ ತನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದಳು. ಅವನು ಸುಮ್ಮನೆ ಗೆಡ್ಡೆಗಳನ್ನು ಬುಟ್ಟಿಗೆ ತುಂಬಿಕೊಟ್ಟ.

ಮರುವರ್ಷದ ಶ್ರಾವಣದಲ್ಲಿ ಆ ದಾರಿ ನೋಡಬೇಕಿತ್ತು! ಬೀದಿಯಲ್ಲಿ ಹೋಗುವವರು ಬೇಲಿಗೆ ಆತುಕೊಂಡು ನಿಲ್ಲುತ್ತಿದ್ದರು. ಪಟ್ಟೆ ಸೀರೆಯ ಅಂಚು ಬಿಚ್ಚಿ ಹಾಸಿದಂತಿದೆ ಎಂದು ನೇಕಾರರೇ ಒಪ್ಪಿಕೊಂಡರು. ಅಕ್ಕ ದಿನವೂ ತಲೆ ಬಾಚಿ, ಹೊಸ ಸೀರೆ ಉಟ್ಟು ಜಗಲಿಯ ಮೇಲೆ ಕೂರುತ್ತಿದ್ದಳು. ಶ್ರಾವಣ ಕಳೆಯಿತು, ಭಾದ್ರಪದ ಕಳೆಯಿತು. ತಂಗಿ ಬರಲಿಲ್ಲ. ದೀಪಾವಳಿಯ ಹೊತ್ತಿಗೆ ಹೂಗಳೆಲ್ಲ ಒಟ್ಟಿಗೆ ಉದುರಿದವು. ಕಾಂಡಗಳು ಒಟ್ಟಿಗೆ ಮಲಗಿದವು. ದಾರಿಯ ಎರಡೂ ಕಡೆ ಒಣಗಿದ ಕಡ್ಡಿ ಬಿಟ್ಟರೆ ಏನೂ ಉಳಿಯಲಿಲ್ಲ.

ಅಕ್ಕನಿಗೆ ದುಃಖ ತಡೆಯಲಾಗಲಿಲ್ಲ. ಸಾಯುವ ಗಿಡ ಕೊಟ್ಟು ಮೋಸ ಮಾಡಿದೆ ಎಂದು ಮುದುಕನ ಮನೆಗೇ ಹೋಗಿ ಜಗಳ ತೆಗೆದಳು. ಮುದುಕ ಬೈಗುಳವನ್ನೆಲ್ಲ ಕೇಳಿಸಿಕೊಂಡ. ಆಮೇಲೆ ತನ್ನ ತೋಟದಲ್ಲಿ ಹಾಗೆಯೇ ಒಣಗಿ ಮಲಗಿದ್ದ ಒಂದು ಗಿಡದ ಬುಡದಲ್ಲಿ ಬೆರಳಿನಿಂದ ಮಣ್ಣು ಸರಿಸಿದ. ಒಳಗೆ ಗೆಡ್ಡೆ ದುಂಡಗೆ, ಬೆಳ್ಳಗೆ, ಮಲಗಿದ ಕೂಸಿನಂತೆ ಇತ್ತು. ಅವನು ಅದಕ್ಕೆ ಮತ್ತೆ ಮಣ್ಣು ಹೊದಿಸಿ ಹೇಳಿದ:

"ತಾಯಿ, ನೂಲಿನ ಬಣ್ಣ ಒಂದು ಸಲ ಹಿಡಿದರೆ ಹಿಡಿದಂತೆಯೇ ಇರುತ್ತದೆ. ಇವು ಹಾಗಲ್ಲ. ನೀನು ಒಂದು ದಿನ ಬಂದು, ಆ ಒಂದು ದಿನಕ್ಕೆ ಆರಿಸಿಕೊಂಡು ಹೋದೆ. ವರ್ಷಕ್ಕೆ ಬೇಕಾದರೆ ವರ್ಷವೆಲ್ಲ ಬರಬೇಕು."

ಅವಳಿಗೆ ನಾಚಿಕೆಯಾಯಿತು. ಆದರೆ ಹಟದ ಹೆಂಗಸು. ಅಂದಿನಿಂದ ಪ್ರತಿ ಹುಣ್ಣಿಮೆಯ ಮಾರನೆಯ ದಿನ ಅವಳು ಮುದುಕನ ತೋಟಕ್ಕೆ ಹೋಗತೊಡಗಿದಳು. ಹೋದ ದಿನ ಯಾವುದು ಹೂ ಬಿಟ್ಟಿದೆಯೋ ಅದರಲ್ಲಿ ಒಂದು ಬಗೆ ಮಾತ್ರ ತರುವಳು. ಮುದುಕ ಹೇಳಿಕೊಟ್ಟ. ಎತ್ತರದ್ದನ್ನು ಬೇಲಿಯ ಕಡೆಗೆ ಹಾಕು, ಗಿಡ್ಡದ್ದನ್ನು ಕಾಲ ಹತ್ತಿರ ಹಾಕು. ಒಂಟಿ ಗಿಡ ನೆಡಬೇಡ, ಒಂದೊಂದು ಬಗೆಯೂ ಐದಾರು ಒಟ್ಟಿಗಿರಲಿ. ಬೇಗ ಮಲಗುವುದರ ಪಕ್ಕ ತಡವಾಗಿ ಏಳುವುದನ್ನು ಇಡು, ಒಂದರ ಒಣಗಿದ ಕಾಲನ್ನು ಇನ್ನೊಂದರ ಎಲೆ ಮುಚ್ಚಲಿ. ಮಲಗಿದ್ದರ ಮೇಲೆ ಗುರುತಿಗೊಂದು ಕಲ್ಲು ಇಡು, ಇಲ್ಲದಿದ್ದರೆ ಖಾಲಿ ಜಾಗವೆಂದು ನೀನೇ ಗುದ್ದಲಿ ಹಾಕುತ್ತೀಯೆ. ಅವಳು ಎಲ್ಲವನ್ನೂ ಹಾಗೆಯೇ ಮಾಡಿದಳು. ಕಾರ್ತಿಕಕ್ಕೆ ಸೇವಂತಿಗೆ ಬಂತು. ವೈಶಾಖಕ್ಕೆ ಸುಗಂಧರಾಜ ಬಂತು. ಮೊದಲ ಮಳೆ ಬಿದ್ದ ಮೂರನೆಯ ದಿನಕ್ಕೆ ನೆಲದಿಂದ ಏಳುವ ಗುಲಾಬಿ ಬಣ್ಣದ ಒಂದು ಪುಟ್ಟ ಹೂ ಬಂತು. ಅದರ ಹೆಸರು ಮುದುಕನಿಗೂ ಗೊತ್ತಿರಲಿಲ್ಲ.

ಹೀಗೆ ಎರಡು ವರ್ಷ ಕಳೆಯಿತು. ಅಕ್ಕನ ಕಾಲ ಈಗ ಹೂವಿನ ಲೆಕ್ಕದಲ್ಲಿ ನಡೆಯುತ್ತಿತ್ತು. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಯಾವುದೋ ಒಂದು ಏಳುತ್ತಿರುವುದು, ಯಾವುದೋ ಒಂದು ಮಲಗುತ್ತಿರುವುದು. ಮಧ್ಯಾಹ್ನ ಜಗಲಿಯ ಮೇಲೆ ಅರೆಗಣ್ಣಾಗಿ ಕುಳಿತರೆ ತಂಗಿ ಬೇಲಿಯ ಬಾಗಿಲು ತೆಗೆದು ಒಳಗೆ ಬರುವಳು. ಒಂದೊಂದು ತಿಂಗಳು ಒಂದೊಂದು ಬಗೆಯಾಗಿ ಬರುವಳು. ಮಳೆಗಾಲವಾದರೆ ಸುರುಳಿ ಸುಗಂಧಿಯ ವಾಸನೆಯಲ್ಲಿ ಸೆರಗು ಒದ್ದೆಮಾಡಿಕೊಂಡು ಬರುವಳು. ಚಳಿಗಾಲವಾದರೆ ಸೇವಂತಿಗೆಯ ಸಾಲನ್ನು ಬೆರಳಿನಿಂದ ಸವರುತ್ತ ಬರುವಳು. ಅಕ್ಕ ಒಂದೊಂದು ಹೂವಿಗೂ ಒಂದೊಂದು ಮಾತು ಒಪ್ಪಿಸಿದ್ದಳು. ನಿನ್ನ ದನಿ ಕೇಳಿಸಿತ್ತು ಎಂದು ಕಾಬಾಳೆ ಹೇಳಬೇಕು. ಆಮೇಲೆ ನಾನು ಅತ್ತುಬಿಟ್ಟೆ ಎಂದು ಸುಗಂಧರಾಜ ಹೇಳಬೇಕು. ಕನಸಿನಲ್ಲಿ ತಂಗಿ ಎಲ್ಲವನ್ನೂ ಕೇಳಿಸಿಕೊಂಡು ನಗುತ್ತಿದ್ದಳು. ಅಕ್ಕ ಮಾತ್ರ ಒಂದು ಕನಸಿನಲ್ಲೂ ಮಾತಾಡಲಿಲ್ಲ. ನೀನು ನಗಬೇಡ ಮಹಾಲಿಂಗ, ಅವಳು ಸುಖವಾಗಿದ್ದಳು.

ಹನ್ನೊಂದು ತಿಂಗಳು ತುಂಬಿತು. ಒಂದು ಮಾತ್ರ ತುಂಬಲಿಲ್ಲ. ಮಾಘ ಕಳೆದು ಯುಗಾದಿ ಬರುವ ಮುಂಚೆ, ಫಾಲ್ಗುಣದಲ್ಲಿ ದಾರಿ ಬೋಳಾಗಿ ನಿಲ್ಲುತ್ತಿತ್ತು. ಸೇವಂತಿಗೆ ಮುಗಿದಿರುತ್ತಿತ್ತು, ಬೇರೆ ಯಾವುದೂ ಎದ್ದಿರುತ್ತಿರಲಿಲ್ಲ. ಗುರುತಿನ ಕಲ್ಲುಗಳಷ್ಟೇ ಎರಡು ಸಾಲಾಗಿ ಕಾಣುತ್ತಿದ್ದವು. ಆ ತಿಂಗಳಿಗೊಂದು ಗಿಡ ಕೊಡು ಎಂದು ಅಕ್ಕ ಮುದುಕನಿಗೆ ದುಂಬಾಲು ಬಿದ್ದಳು. ಆ ತಿಂಗಳು ನೆಲದ್ದು, ಅದನ್ನು ನೆಲಕ್ಕೇ ಬಿಡು ಎಂದ ಅವನು. ಇವಳು ಬಿಡಲಿಲ್ಲ. ತಂಗಿ ಆಗಲೇ ಬಂದುಬಿಟ್ಟರೆ ಏನು ಮಾಡಲಿ ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಮುದುಕನ ಮನಸ್ಸು ಕರಗಿತು. ಒಳಗೆ ಹೋಗಿ, ಹುಲ್ಲಿನಲ್ಲಿ ಸುತ್ತಿಟ್ಟಿದ್ದ ಹತ್ತು ಗೆಡ್ಡೆ ತಂದುಕೊಟ್ಟ. ಅದು ನೆಲಸಂಪಿಗೆ. ಎಲೆಯೂ ಇಲ್ಲದೆ, ಕಾಂಡವೂ ಇಲ್ಲದೆ, ಬರಿಯ ಮಣ್ಣಿನಿಂದ ಹೂವೇ ಏಳುತ್ತದೆ. ಅದೂ ಬೇಸಿಗೆ ತಲೆಯೆತ್ತುವ ಹೊತ್ತಿಗೆ. ಏಳುವವರೆಗೆ ಅಲ್ಲಿ ಏನಿದೆ ಎಂಬ ಸುಳಿವೇ ಇರುವುದಿಲ್ಲ, ಕೆದಕಬೇಡ, ಅದರ ಮೊಗ್ಗು ಮಣ್ಣಿನೊಳಗೇ ಇರುತ್ತದೆ ಎಂದು ಎರಡೆರಡು ಸಲ ಹೇಳಿ ಕಳಿಸಿದ.

ಆ ವರ್ಷ ಫಾಲ್ಗುಣ ಬಂತು. ನೂಲಿನ ಗಾಡಿಯವನು ಬಂದು, ತಂಗಿ ಈ ತಿಂಗಳೇ ಹೊರಟರೂ ಹೊರಟಾಳು ಎಂದ. ಅಕ್ಕ ದಾರಿಗೆ ಓಡಿಬಂದಳು. ನೆಲ ನೋಡಿದರೆ ಬರಿಯ ನೆಲ. ಗೆಡ್ಡೆ ಬದುಕಿದೆಯೋ ಕೊಳೆತಿದೆಯೋ? ಒಂದು ಬೆಳಿಗ್ಗೆ ಒಂದು ಕಡೆ ಬೆರಳಿನಿಂದ ಸ್ವಲ್ಪ ಕೆದಕಿದಳು. ಬೆಳ್ಳಗಿನ ಮೊನೆ ಕಂಡಿತು. ಹಾ, ಬದುಕಿದೆ ಎಂದು ಮುಚ್ಚಿದಳು. ಮಾರನೆಯ ದಿನ ಅದರ ಪಕ್ಕದ್ದನ್ನು ನೋಡಬೇಕೆನಿಸಿತು. ಅದರ ಮಾರನೆಯ ದಿನ, ಮೊದಲಿನದು ಎಷ್ಟು ಬೆಳೆದಿದೆ ಎಂದು ನೋಡಬೇಕೆನಿಸಿತು. ಹೀಗೆ ದಿನವೂ ನೋಡಿದಳು. ಬೆಣ್ಣೆಯಷ್ಟು ಮೃದುವಾದ ಮೊನೆಗಳು. ಬೆರಳು ತಾಗಿದ್ದೇ ಮುರಿದವು. ಹತ್ತರಲ್ಲಿ ಒಂದೂ ಉಳಿಯಲಿಲ್ಲ. ಹತ್ತನೆಯದು ಮುರಿದ ಬೆಳಿಗ್ಗೆ ಅವಳು ದಾರಿಯ ಪಕ್ಕದಲ್ಲೇ ಕುಕ್ಕರಿಸಿ ಬಿಕ್ಕಿ ಬಿಕ್ಕಿ ಅತ್ತಳು.

ಬೇಲಿಯ ಬಾಗಿಲು ಸದ್ದಾಯಿತು. ತಲೆಯೆತ್ತಿದರೆ ತಂಗಿ.

ನಾಲ್ಕೈದು ವರ್ಷದಲ್ಲಿ ಸ್ವಲ್ಪ ಸೊರಗಿದ್ದಳು. ಕೈಯಲ್ಲೊಂದು ಸಣ್ಣ ಗಂಟು. ಬಾಗಿಲ ಹೊರಗೇ ನಿಂತಿದ್ದಳು, ಒಳಗೆ ಕಾಲಿಡಲಿಲ್ಲ. ಅಕ್ಕನ ಬೆರಳುಗಳಿಗೆ ಮಣ್ಣು ಮೆತ್ತಿತ್ತು. ಕೆದರಿದ ತಲೆ. ಹಳೆಯ ಸೀರೆ. ಎರಡೂ ಕಡೆ ಬೋಳು ನೆಲ, ಕಲ್ಲಿನ ಸಾಲು. ಇಷ್ಟು ವರ್ಷ ಹೂಗಳಿಗೆ ಕಲಿಸಿದ್ದ ಮಾತುಗಳನ್ನು ಹೇಳಲು ಅಲ್ಲಿ ಒಂದು ಹೂವೂ ಇರಲಿಲ್ಲ. ಮೊದಲು ಅವಳ ಬಾಯಿಂದ ಬಂದದ್ದು ಸಬೂಬು. ಹದಿನೈದು ದಿನ ಮುಂಚೆ ಬಂದಿದ್ದರೆ ಸೇವಂತಿಗೆ ಇತ್ತು, ಹದಿನೈದು ದಿನ ಬಿಟ್ಟು ಬಂದಿದ್ದರೆ ಇನ್ನೇನೋ ಇರುತ್ತಿತ್ತು ಎಂದು ತೊದಲಿದಳು. ತಂಗಿ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಅವಳಿಗೆ ಮಣ್ಣು ಬಿಟ್ಟು ಏನೂ ಕಾಣಲಿಲ್ಲ. ಅಕ್ಕ ಯಾತರ ಮಾತಾಡುತ್ತಿದ್ದಾಳೆ ಎಂಬುದೂ ತಿಳಿಯಲಿಲ್ಲ. ಬಂದದ್ದೇ ತಪ್ಪಾಯಿತೇನೋ ಎಂದು ಗಂಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿ, ಒಂದು ಹೆಜ್ಜೆ ಹಿಂದಿಟ್ಟಳು.

ಆ ಒಂದು ಹೆಜ್ಜೆ ನೋಡಿದ್ದೇ ಅಕ್ಕ ಸಬೂಬು ಬಿಟ್ಟಳು.

"ಅಂದು ನಾನು ಒಳಗೇ ಇದ್ದೆ. ಮೂರು ಸಲ ಕರೆದೆ ನೀನು. ಮೂರು ಸಲವೂ ಕೇಳಿಸಿತು. ಬಾಗಿಲು ತೆಗೆಯಲಿಲ್ಲ. ತಪ್ಪಾಯಿತು ಕಣೇ."

"ಒಳಗಿದ್ದೆ ಅಂತ ನನಗೆ ಗೊತ್ತಿತ್ತು ಅಕ್ಕಾ," ಎಂದಳು ತಂಗಿ. "ನೀನು ಹೇಳುತ್ತೀಯೋ ಇಲ್ಲವೋ ಅಂತ ಮಾತ್ರ ಗೊತ್ತಿರಲಿಲ್ಲ. ಅದಕ್ಕೇ ಬರೋದಕ್ಕೆ ಇಷ್ಟು ದಿನ ಹಿಡಿಯಿತು."

ಅವಳು ಒಳಗೆ ಬಂದಳು. ಎಲ್ಲಿ ಕಾಲಿಡಬೇಕು, ಎಲ್ಲಿ ಇಡಬಾರದು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಮಲಗಿದ್ದ ಗೆಡ್ಡೆಗಳ ಮೇಲೆಯೇ ನಡೆದು ನೆಟ್ಟಗೆ ಅಕ್ಕನ ಹತ್ತಿರ ಬಂದು ಕುಳಿತಳು. ಅಕ್ಕ ಬೇಡವೆನ್ನಲಿಲ್ಲ. ಮಣ್ಣಿನ ಕೈಯಲ್ಲೇ ಅವಳ ಮುಖ ಹಿಡಿದುಕೊಂಡಳು. ಆಮೇಲೆ ಇಬ್ಬರೂ ಒಳಗೆ ಹೋಗಿ ಒಲೆ ಹಚ್ಚಿದರು.

ಗುರುಗಳು ಕತೆ ನಿಲ್ಲಿಸಿದರು. ಬಿಸಿಲು ಅವರ ಮೊಣಕಾಲಿನಿಂದ ಪಾದಕ್ಕೆ ಇಳಿದಿತ್ತು. ಮಹಾಲಿಂಗ ತಲೆ ತಗ್ಗಿಸಿ ಕುಳಿತಿದ್ದ. ಕತೆಯ ತುಂಬ ಗಿಡಗಳೇ ಇದ್ದವು, ಆ ಹೂವಿನ ದಾರಿ ಅವನ ಕಣ್ಣ ಮುಂದೆ ಇನ್ನೂ ತೂಗುತ್ತಿತ್ತು. ಅವನಿಗೆ ಅದನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ಮೆಲ್ಲಗೆ ಕೇಳಿದ. ಹಾಗಾದರೆ ಅವಳು ಅಷ್ಟು ವರ್ಷ ಆರಿಸಿ ಆರಿಸಿ ನೆಟ್ಟ ಗಿಡಗಳೆಲ್ಲ ವ್ಯರ್ಥವೇ? ಅವುಗಳಿಂದ ಏನೂ ಉಪಯೋಗವಾಗಲಿಲ್ಲವೇ?

ಯಾಕೆ ವ್ಯರ್ಥ, ಬೀದಿಯಲ್ಲಿ ಹೋಗುವವರೆಲ್ಲ ನೋಡಿ ಸಂತೋಷಪಟ್ಟರಲ್ಲ ಎಂದರು ಗುರುಗಳು. ನಿನ್ನ ಉಪವಾಸದಿಂದಲೂ ಮಠಕ್ಕೆ ಅಕ್ಕಿ ಉಳಿದಿದೆ ಎಂದು ಸೇರಿಸಿದರು. ಮಹಾಲಿಂಗನ ಮುಖ ಸಣ್ಣದಾಯಿತು. ಆದರೂ ಅವನು ಬಿಡಲಿಲ್ಲ. ಕೈ ಜೋಡಿಸಿ, ಕತೆ ಅರ್ಥವಾಯಿತು, ಆದರೆ ತನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲ, ಮೂರರಲ್ಲಿ ಯಾವ ವ್ರತ ಹಿಡಿಯಲಿ ಎಂದು ಅಪ್ಪಣೆಯಾಗಲಿ ಎಂದ.

ಗುರುಗಳು ಆಗ ಪೂರ್ತಿ ಕಣ್ಣು ತೆರೆದು ಅವನನ್ನು ನೋಡಿದರು.

"ಕಲ್ಲಯ್ಯನ ಊರು ಇಲ್ಲಿಂದ ಎಷ್ಟು ದೂರ?"